ಕೊಯ್ಲಿನ ದಿನದ ಹಕ್ಕು

ಸಹೋದರಿಯರೇ, ಮಳೆ ಹಿಡಿಯಿತೆಂದರೆ ನಮ್ಮ ಪುತ್ತೂರಿನ ತೋಟಗಳಲ್ಲಿ ಹಲಸು ಬಿದ್ದು ಕೊಳೆಯುತ್ತದೆ. ಅಡಿಕೆಗೆ 1973ರಿಂದ ಕ್ಯಾಂಪ್ಕೋದ ಆಸರೆಯಿದೆ. ಕೊಕ್ಕೋಗಾಗಿ 1986ರಲ್ಲಿ ಕೆಮ್ಮಿಂಜೆಯಲ್ಲಿ ಚಾಕಲೇಟ್ ಕಾರ್ಖಾನೆಯೂ ಬಂತು. ಹಲಸಿಗಾದರೋ, ಮೇಳಕ್ಕೆ ಹೋಗಿ ಐಸ್‌ಕ್ರೀಂ ತಿಂದು ಬರುತ್ತೇವೆ, ಹಿತ್ತಿಲ ಮರವನ್ನು ಮರೆಯುತ್ತೇವೆ. ಅದೇ ತೋಟದಲ್ಲಿ ಅಡಿಕೆ ಹೆಕ್ಕಿದ ಹೆಂಗಸು ಸಂಜೆ ಕೂಲಿಯ ಹಣದಲ್ಲಿ ಘಟ್ಟದ ತರಕಾರಿ ಕೊಂಡು ಹೋಗುತ್ತಾಳೆ.

ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದ 141ನೇ ಸೂಕ್ತವು ಫಲವನ್ನು ತಿನ್ನಲು, ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಡಲು, ದುಂದು ಮಾಡದಿರಲು ಒಟ್ಟಿಗೇ ಆಜ್ಞಾಪಿಸುತ್ತದೆ. ಅಲ್ಲಿರುವ ಪದ ‘ಹಕ್ಕ್’. ನಮ್ಮ ಕನ್ನಡದ ಹಕ್ಕು ಅದರಿಂದಲೇ ಬಂದದ್ದು. ಬಿದ್ದು ಒಡೆದದ್ದನ್ನು ಕೊಟ್ಟರೆ ಆ ಹಕ್ಕು ತೀರುವುದೇ? ಬಲಿತ ಕಾಯಿ ಕೊಯ್ಯುವ ದಿನವೇ ಅವಳನ್ನು ಕರೆಯಿರಿ. ಉಪ್ಪುಸೊಳೆಯ ಭರಣಿ ಎರಡು ಮನೆಯಲ್ಲೂ ತುಂಬೀತು, ಆಟಿ ತಿಂಗಳ ಪಲ್ಯಕ್ಕಾದೀತು.