ಅಟ್ಟದ ಮೇಲಿನ ಕಾದಂಬರಿಗಳು

ಕೆಲವು ತಿಂಗಳ ಹಿಂದೆ ನಮ್ಮ ಕಡೆಯ ಒಂದು ಕಥಾಗೋಷ್ಠಿಯಲ್ಲಿ ಹೊಸದಾಗಿ ಬರೆಯುತ್ತಿರುವ ಹುಡುಗಿಯೊಬ್ಬಳು ಕಥೆ ಓದಿದಳು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಮುಗುಳ್ನಗುತ್ತಾ, ‘ಸಾಯಿಸುತೆ ಕಾದಂಬರಿ ಜಾಸ್ತಿ ಓದಿದ್ದೀಯೇನಮ್ಮಾ?’ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ. ಹುಡುಗಿ ಹಾಳೆ ಮಡಚಿಕೊಂಡು ಕೂತಳು. ಅದೇ ವಾರ ನಮ್ಮ ಮೊಹಲ್ಲಾದ ಹಿರಿಯರೊಬ್ಬರು ಪರಿಚಯದವರ ಮನೆಗೆ ಹೋಗಿ, ಬೆಳೆದ ಹೆಣ್ಣುಮಕ್ಕಳ ಕೈಗೆ ಪ್ರೇಮದ ಕಾದಂಬರಿ ಕೊಡಬೇಡಿ, ತಲೆ ಕೆಡುತ್ತದೆ ಎಂದು ಬುದ್ಧಿ ಹೇಳಿ ಬಂದರು. ಒಬ್ಬರು ಪ್ರಗತಿಪರರು, ಇನ್ನೊಬ್ಬರು ದೀನ್‌ದಾರರು. ಇಬ್ಬರೂ ಒಂದೇ ವೇದಿಕೆಯಲ್ಲಿ ಕೂರುವವರಲ್ಲ. ಆದರೆ ಹೆಣ್ಣು ಬರೀ ಸಂತೋಷಕ್ಕಾಗಿ ಓದಿದರೆ ಅದು ಓದಲ್ಲ ಎಂಬ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿದೆ. ಆವತ್ತು ನಾನು ನಕ್ಕದ್ದಕ್ಕೆ ಈ ಬರಹ ಒಂದು ಬಗೆಯ ಕಫ್ಫಾರಾ ಎಂದು ಓದುಗರು ತಿಳಿಯಲಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅಟ್ಟವಿಲ್ಲದೆ ಕೊಬ್ಬರಿಯಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವಾಗ ಕೊಬ್ಬರಿ ಗಿಟುಕಾಯಿತು ಎಂದರ್ಥ. ಆಮೇಲೆ ಮಟ್ಟೆ ಸುಲಿದು ಕರಟ ಬಿಡಿಸುವ ಕೆಲಸ. ನನ್ನ ಖಾಲಾ ಮತ್ತು ಅವರ ಓರಗೆಯ ಐದಾರು ಹೆಂಗಸರು ಕೂಲಿಗೆ ಕರಟ ಬಿಡಿಸುತ್ತಿದ್ದರು. ತೊಂಬತ್ತರ ದಶಕದಲ್ಲಿ, ಉರ್ದು ಶಾಲೆ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ್ದ ನಾನು ಅವರ ಪಾಲಿನ ರೇಡಿಯೋ. ಬಾಡಿಗೆ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಸಾಯಿಸುತೆ ಬರುತ್ತಿದ್ದರು. ಕನ್ನಡದಲ್ಲಿ ಓದಿ, ತಿಳಿಯದ ಕಡೆ ನಮ್ಮ ದಖನಿಯಲ್ಲಿ ಬಿಡಿಸಿ ಹೇಳುತ್ತಿದ್ದೆ. ಉರ್ದುವಿನ ರಜಿಯಾ ಬಟ್ ಸಿಕ್ಕ ದಿನ ನನಗೆ ಕೆಲಸ ಕಡಿಮೆ. ಅಬ್ಬಾ ಬರುವ ಸದ್ದಾದರೆ ಪುಸ್ತಕ ಅಟ್ಟ ಸೇರುತ್ತಿತ್ತು.

ಅವರು ಬಾಯಿ ಬಿಟ್ಟುಕೊಂಡು ಕೇಳುವವರಾಗಿರಲಿಲ್ಲ. ‘ಮೊದಲನೇ ಪುಟದಲ್ಲೇ ಇಷ್ಟು ಒಳ್ಳೆಯವನು, ಇವನನ್ನು ನಂಬಬೇಡ’ ಎನ್ನುತ್ತಿದ್ದರು. ‘ಇದು ಆ ಹಿಂದಿನ ಪುಸ್ತಕದ ಕಥೆಯೇ, ಸೀರೆ ಮಾತ್ರ ಬೇರೆ’ ಎನ್ನುತ್ತಿದ್ದರು. ತ್ರಿವೇಣಿಯವರ ಹೆಂಗಸರು ಅತ್ತರೆ ಕಾರಣವಿರುತ್ತದೆ, ಇನ್ನೊಬ್ಬರ ಹೆಂಗಸರು ಅಳುವುದಕ್ಕೇ ಹುಟ್ಟಿದವರು ಎಂದು ಖಾಲಾ ಒಮ್ಮೆ ಹೇಳಿದ್ದಕ್ಕಿಂತ ಚೆನ್ನಾದ ವಿಮರ್ಶೆಯನ್ನು ಆ ಕಾದಂಬರಿಗಳ ಬಗ್ಗೆ ನಾನು ಇನ್ನೂ ಓದಿಲ್ಲ. ಕಾಯಿ ಅಲ್ಲಾಡಿಸಿ ಒಳಗೆ ಕೊಬ್ಬರಿಯಾಗಿದೆಯೋ ಕೊಳೆತಿದೆಯೋ ಎಂದು ಹೇಳುವ ಕಿವಿ ಪುಸ್ತಕದ ಹತ್ತಿರ ಬಂದಾಗ ಮಾತ್ರ ಕಿವುಡಾಗುತ್ತದೆ ಎಂದು ನಂಬುವವರು ನಮ್ಮ ವಿದ್ವಾಂಸರು.

ಅವರಿಗೆ ನೆನಪಿಸಬೇಕು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ. ಶ್ರೀಕಂಠಯ್ಯನವರು ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ನಮ್ಮ ಮೀಮಾಂಸೆ ಸಹೃದಯನಿಂದ ಕೇಳುವುದು ಎರಡನ್ನು: ಮೇಲಿಂದ ಮೇಲೆ ಓದಿದ ಅಭ್ಯಾಸದಿಂದ ತಿಳಿಯಾದ ಮನಸ್ಸು, ಓದಿದ್ದರಲ್ಲಿ ತನ್ಮಯವಾಗುವ ಶಕ್ತಿ. ನೂರಾರು ಕಾದಂಬರಿ ಕೇಳಿ, ಪ್ರತಿಯೊಂದರಲ್ಲೂ ಮುಳುಗಿ, ಎದ್ದು, ಜಗಳವಾಡಿದ ಆ ಹೆಂಗಸರಲ್ಲಿ ಇದರಲ್ಲಿ ಯಾವುದು ಇರಲಿಲ್ಲ? ಪ್ರಾಧ್ಯಾಪಕರು ಮುಳುಗಿದರೆ ರಸಾನುಭವ, ಕರಟ ಬಿಡಿಸುವವಳು ಮುಳುಗಿದರೆ ಹುಚ್ಚು. ಇದು ಕಾವ್ಯಮೀಮಾಂಸೆಯಲ್ಲ, ಜಾತಿಮೀಮಾಂಸೆ.

ಖಾಲಾಗೆ ಹತ್ತೊಂಬತ್ತಕ್ಕೆ ನಿಶ್ಚಯವಾಗಿತ್ತು. ‘ಜೋಡೆ ಕಾ ಪೈಸಾ’ ಹೊಂದಿಸಲಾಗದೆ ಮುರಿಯಿತು. ತ್ರಿವೇಣಿಯವರ ‘ಬೆಳ್ಳಿಮೋಡ’ ನಮ್ಮ ಕೈಗೆ ಬಂದಾಗ ಅದರ ಕೊನೆಯ ಹಾಳೆಗಳು ಹರಿದುಹೋಗಿದ್ದವು. ಆಸ್ತಿಯನ್ನು ನೋಡಿ ಒಪ್ಪಿದ್ದ ಹುಡುಗ ಆಕೆಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ ಹಿಂದೆ ಸರಿಯುತ್ತಾನೆ. ಅವನು ಗಾಯಗೊಂಡು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಮುಂದೆ? ‘ಮದುವೆಯಾಗುತ್ತಾರೆ’ ಎಂದರು ಉಳಿದವರು. ‘ಆಗಕೂಡದು’ ಎಂದರು ಖಾಲಾ. ಅದೇ ಕಾದಂಬರಿಯ ಮೇಲೆ ಪುಟ್ಟಣ್ಣ ಕಣಗಾಲರು 1967ರಲ್ಲಿ ತೆಗೆದ ಚಿತ್ರವನ್ನು ಆಮೇಲೆ ದೂರದರ್ಶನದಲ್ಲಿ ನೋಡಿದೆವು. ಪಶ್ಚಾತ್ತಾಪಪಟ್ಟು ಬಂದವನನ್ನು ಕಲ್ಪನಾ ನಿರಾಕರಿಸಿದಾಗ ಖಾಲಾ ಏನೂ ಹೇಳಲಿಲ್ಲ, ಎದ್ದು ಹೋಗಿ ಒಲೆ ಹಚ್ಚಿದರು. ಮುಂದೊಂದು ದಿನ ಆ ಹಳೆಯ ಮನೆಯವರು ಮತ್ತೆ ಮಾತು ಕಳಿಸಿದಾಗ ಅವರೂ ಬೇಡವೆಂದರು. ಕಾದಂಬರಿ ಅವರಿಗೆ ಧೈರ್ಯ ಕೊಟ್ಟಿತು ಎಂದು ನಾನು ಹೇಳಲಾರೆ; ಹಾಳೆ ಹರಿದಿದ್ದಾಗಲೇ ಅವರ ತೀರ್ಮಾನ ಆಗಿತ್ತು. ಆದರೆ ತನ್ನ ತೀರ್ಮಾನವನ್ನು ಇನ್ನೊಬ್ಬಳ ಬಾಯಲ್ಲಿ ಕೇಳುವುದು ಸಣ್ಣ ವಿಷಯವಲ್ಲ.

ಈಗ ದೀನ್‌ದಾರ ಹಿರಿಯರಲ್ಲಿ ಒಂದು ವಿನಂತಿ. ಹೆಣ್ಣಿನ ಒಪ್ಪಿಗೆಯಿಲ್ಲದೆ ನಿಕಾಹ್ ಇಲ್ಲ ಎಂದು ಖುತ್ಬಾದಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ವಕೀಲರು, ಇಬ್ಬರು ಸಾಕ್ಷಿಗಳು ಒಳಗೆ ಬಂದು ಕೇಳಿದಾಗ ಹುಡುಗಿಯ ಮೌನವನ್ನೇ ಒಪ್ಪಿಗೆ ಎಂದು ಬರೆದುಕೊಂಡು ಹೋಗುತ್ತೇವೆ. ಬೇಡ ಎನ್ನುವುದು ಹೇಗಿರುತ್ತದೆ ಎಂದು ಅವಳು ಎಲ್ಲಿ ಕೇಳಿರಬೇಕು? ಹಜ್ರತ್ ಖದೀಜಾ ತಾವೇ ಮದುವೆಯ ಪ್ರಸ್ತಾಪ ಕಳಿಸಿದ ಚರಿತ್ರೆ ನಮ್ಮದು. ಆದರೂ ಮದುಮಗಳ ಜೊತೆ ಕಳಿಸುವ ‘ಬಿಹಿಷ್ತಿ ಜೇವರ್’ನಲ್ಲಿ ಕಾದಂಬರಿಗಳು ಹಾನಿಕರ ಪುಸ್ತಕಗಳ ಸಾಲಿಗೆ ಸೇರಿವೆ. ಇನ್ನೂ ಹಿಂದಕ್ಕೆ ಹೋದರೆ, ಡೆಪ್ಯುಟಿ ನಜೀರ್ ಅಹ್ಮದರ ‘ತೌಬತುನ್ನಸೂಹ್’ನಲ್ಲಿ ಸುಧಾರಿಸಿದ ತಂದೆ ದಾರಿತಪ್ಪಿದ ಮಗ ಕಲೀಮನ ಪುಸ್ತಕಗಳಿಗೆ ಬೆಂಕಿ ಇಡುತ್ತಾನೆ. ಹಾಗೆ ಸುಡುವುದನ್ನು ಹೇಳಲಿಕ್ಕೂ ನಜೀರ್ ಅಹ್ಮದರಿಗೆ ಒಂದು ಕಾದಂಬರಿಯೇ ಬೇಕಾಯಿತು ಎಂಬುದನ್ನು ಗಮನಿಸಬೇಕು.

ಪ್ರಗತಿಪರ ಗೆಳೆಯರ ತಪ್ಪು ಬೇರೆ ಥರದ್ದು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಇಲ್ಲದಿದ್ದರೆ ನನ್ನಂಥವರು ಬರೆಯುತ್ತಿರಲಿಲ್ಲ. ಬಾನು ಮುಷ್ತಾಕರ ‘ಕರಿ ನಾಗರಗಳು’ ಕಥೆಯ ಮೇಲೆ ಗಿರೀಶ ಕಾಸರವಳ್ಳಿಯವರು 2004ರಲ್ಲಿ ಮಾಡಿದ ‘ಹಸೀನಾ’ಕ್ಕಾಗಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ನಾನೂ ಹಿಗ್ಗಿದೆ. ಆ ದುಃಖ ಸುಳ್ಳಲ್ಲ. ಆದರೆ ಮುಸ್ಲಿಂ ಹೆಣ್ಣು ತಲಾಖಿನಲ್ಲಿ ನರಳಿದರೆ ಮಾತ್ರ ಸಾಹಿತ್ಯ, ಮಳೆಯಲ್ಲಿ ನಿಂತು ಯಾರಿಗೋ ಕಾದರೆ ಅಗ್ಗದ ಭಾವುಕತೆ ಎಂದರೆ ಹೇಗೆ? ನಮ್ಮ ಕಣ್ಣೀರಿಗೆ ಮಾತ್ರ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಡಿ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ನಾನು ಅಭಿಮಾನಿಗಳ ಪರ ಮಾಡಿದ ವಕಾಲತ್ತಾಗುತ್ತದೆ. ಅಭಿಮಾನಿಗಳ ಮೇಲೂ ನನಗೆ ತಕರಾರಿದೆ. ನಾನು ಪ್ರೀತಿಯಿಂದ ಓದಿದ ಆ ಕಾದಂಬರಿಗಳ ರಾಶಿಯಲ್ಲಿ ಪ್ರೀತಿಸುವ ಹುಡುಗಿಗೆ ಫಾತಿಮಾ ಎಂಬ ಹೆಸರಿದ್ದದ್ದು ನೆನಪಿಲ್ಲ. ಅವಳ ಮನೆಯಲ್ಲಿ ಕೂಲಿ ಮಾಡಿದ ಕೈಯೂ ಅಪರೂಪ. ಇದನ್ನು ನಾವು ಕೇಳಲೇ ಇಲ್ಲ. 1984ರ ‘ಬಂಧನ’ಕ್ಕೆ ಮೂರು ಸಲ ಅತ್ತವಳು ನಾನು. ಹೇಳದೆ ಪ್ರೀತಿಸಿ ಸಾಯುವ ಡಾಕ್ಟರಿಗೆ ಅಷ್ಟು ಕಣ್ಣೀರು ಸುರಿಸಿದ ನಮಗೆ, ಗಂಡನ ಹಿಂಸೆಯಲ್ಲಿ ಬದುಕಿ ಉಳಿಯಬೇಕಾದ ನಂದಿನಿಯ ನಾಳೆಯ ಬಗ್ಗೆ ಯಾಕೆ ಯೋಚನೆ ಬರಲಿಲ್ಲ? ಆಮೇಲಿನ ಎಷ್ಟೋ ಚಿತ್ರಗಳಲ್ಲಿ ನಾಯಕ ಹುಡುಗಿಯ ಬೆನ್ನು ಬಿದ್ದು ಪೀಡಿಸುವುದೇ ಪ್ರೀತಿಯಾಯಿತು; ಅವಳ ‘ಬೇಡ’ಕ್ಕೆ ಅಲ್ಲಿ ಅರ್ಥವೇ ಇಲ್ಲ. ತೆರೆಯ ಮೇಲೆ ಶಿಳ್ಳೆ ಗಿಟ್ಟಿಸಿದ ಆ ಪ್ರೀತಿಯೇ ತುರುವೇಕೆರೆಯಿಂದ ತಿಪಟೂರಿಗೆ ಕಾಲೇಜಿಗೆ ಬರುವ ಹುಡುಗಿಯ ಹಿಂದೆ ಬಸ್ಸು ಹತ್ತಿದೆ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಎಂದರು. ದೇವರು ಹಾಲು ಸುರಿಯುವ ಕೆಲಸ ಮಾಡುವುದಿಲ್ಲ, ಲೆಕ್ಕ ಕೇಳುತ್ತಾನೆ.

‘ಬೇಡರ ಕಣ್ಣಪ್ಪ’ದಲ್ಲಿ ರಾಜ್ ಜೊತೆಗೇ 1954ರಲ್ಲಿ ತೆರೆಗೆ ಬಂದ ನರಸಿಂಹರಾಜು ನಮ್ಮ ತಿಪಟೂರಿನವರು ಎಂದು ಹೇಳಿಕೊಳ್ಳದವರು ಊರಲ್ಲಿಲ್ಲ. ಅವರ ಯಾವ ಚಿತ್ರ ಸಪ್ಪೆ ಎಂದು ಪಟ್ಟಿ ಕೊಡುವವರೂ ಅವರ ಕಟ್ಟಾ ಅಭಿಮಾನಿಗಳೇ. ಅಂಥ ಅಭಿಮಾನ ನನಗೆ ಬೇಕು.

ಬಾಡಿಗೆ ಲೈಬ್ರರಿ ಮುಚ್ಚಿ ವರ್ಷಗಳಾದವು. ಮೊಹಲ್ಲಾದ ಹುಡುಗಿಯರು ಈಗ ಮೊಬೈಲಿನಲ್ಲಿ ಕಥೆ ಓದುತ್ತಾರೆ, ಧಾರಾವಾಹಿ ನೋಡುತ್ತಾರೆ, ಮೊದಲಿನಂತೆಯೇ ಕದ್ದು. ಅವರು ಏನು ಓದುತ್ತಿದ್ದಾರೆ ಎಂದು ಪತ್ತೆ ಹಚ್ಚುವುದನ್ನು ಬಿಟ್ಟು, ಓದಿದ್ದು ಹೇಗಿತ್ತು ಎಂದು ಕೇಳೋಣ. ಈ ಪತ್ರಿಕೆಯಲ್ಲೇ ತಿಂಗಳಿಗೆ ಒಂದು ಪುಟ ಅವರಿಗೆ ಬಿಡಬಹುದು. ಆವತ್ತು ಹಾಳೆ ಮಡಚಿಕೊಂಡ ಹುಡುಗಿಗೆ ಕಾಗದ ಬರೆದು ಆ ಕಥೆಯ ಮುಂದಿನ ಭಾಗ ಕೇಳಿದ್ದೇನೆ. ಕಥೆಯ ಮಧ್ಯಭಾಗ ಎಳೆದಂತಿದೆ ಎಂದೂ ಬರೆದಿದ್ದೇನೆ.