ಅವರಿಗೆ ಗೊತ್ತಾಗದ ಹಾಗೆ

ಮಧುಗಿರಿಯಿಂದ ಪಾವಗಡಕ್ಕೆ ಬಸ್ಸಲ್ಲಿ ಹೋಗಿ. ಶಿರಾ, ಕೊರಟಗೆರೆ ಕಡೆ ಆದರೂ ಸರಿ. ಗೋಡೆ, ಕರೆಂಟ್ ಕಂಬ, ಬಸ್ ಸ್ಟ್ಯಾಂಡು, ಎಲ್ಲಾದರೂ ಒಂದು ಪೋಸ್ಟರ್ ಸಿಕ್ಕೇ ಸಿಗುತ್ತೆ. ಮೂಲವ್ಯಾಧಿ, ಗ್ಯಾಸ್ಟ್ರಿಕ್, ಕುಡಿತ, ಮೂರಕ್ಕೂ ಒಂದೇ ಫೋನ್ ನಂಬರ್. ಕುಡಿತದ ಕೆಳಗೆ ಮಾತ್ರ ಒಂದು ಸಾಲು ಜಾಸ್ತಿ: ಅವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡಿ.

'ಹಳ್ಳಿ ಜನ, ನಂಬ್ತಾರೆ' ಅಂತ ನಗೋ ಐಟಿ ಮಿತ್ರರೇ, ಈ ಸಾಲು ಹುಟ್ಟಿದ್ದು ನಮ್ಮ ಹಳ್ಳಿಯಲ್ಲಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಸಿನ್ಸಿನಾಟಿಯಿಂದ ಡಾ. ಹೇನ್ಸ್ ಹೆಸರಿನ 'ಗೋಲ್ಡನ್ ಸ್ಪೆಸಿಫಿಕ್' ಪುಡಿ ಮಾರಾಟವಾಗಿದ್ದು ಹೀಗೇ. ಕಾಫಿಗೋ ಟೀಗೋ ಬೆರೆಸಿ, ಕುಡಿಯೋನಿಗೆ ಗೊತ್ತೇ ಆಗಲ್ಲ ಅನ್ನೋ ಜಾಹೀರಾತು. ಪರೀಕ್ಷೆ ಮಾಡಿದಾಗ ಒಳಗಿದ್ದದ್ದು ಹೆಚ್ಚಾಗಿ ಹಾಲಿನ ಸಕ್ಕರೆ, ಪಿಷ್ಟ, ಮೆಣಸಿನಪುಡಿ.

ಹೊಟ್ಟೆಯ ಮದ್ದಿನ ಕಥೆಯೂ ಅಷ್ಟೇ. ಇಂಗ್ಲೆಂಡಿನ ಬೀಚಮ್ಸ್ ಮಾತ್ರೆ 'ಡಬ್ಬಿಗೆ ಒಂದು ಗಿನಿ ಬಾಳುತ್ತೆ' ಅಂತ ಸಾರಿಕೊಂಡು ಇಂಡಿಯಾಕ್ಕೂ ಬಂತು. 1909ರಲ್ಲಿ ಬ್ರಿಟಿಷ್ ವೈದ್ಯರ ಸಂಘ ಅದರ ಗುಟ್ಟು ಬಿಚ್ಚಿತು: ಲೋಳೆಸರದ ಒಣರಸ, ಶುಂಠಿ, ಸೋಪು. ಮಾರೋ ಬೆಲೆ ಸಾಮಗ್ರಿ ಖರ್ಚಿನ ನೂರು ಪಟ್ಟಿಗೂ ಹೆಚ್ಚು.

ಅಲ್ಲಿ ಹೋಗಿದ್ದು ದುಡ್ಡು. ಇವತ್ತಿನ ಕುಡಿತದ ಪುಡಿಯಲ್ಲಿ ಜೀವವೇ ಹೋಗಬಹುದು. ಒಳಗೇನಿದೆ ಅಂತ ಪೊಟ್ಟಣದ ಮೇಲೆ ಬರೆಯದಿದ್ದರೆ ಕೇಳೋದು ಯಾರನ್ನ? ಡೈಸಲ್ಫಿರಾಮ್ ಇದ್ದು, ಗೊತ್ತಿಲ್ಲದೆ ಮೇಲೆ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಕುಸಿತ, ಸಾವೂ ಬರಬಹುದು. ಅದಕ್ಕೇ ಡಾಕ್ಟರು ರೋಗಿಗೆ ಹೇಳಿ, ಒಪ್ಪಿಸಿಯೇ ಕೊಡೋದು. ಹೆಚ್ಚುಕಮ್ಮಿ ಆದರೆ ಪೋಸ್ಟರ್‌ನವನ ಫೋನ್ ಸ್ವಿಚ್ ಆಫ್. ಸಾರಿಗೆ ಬೆರೆಸಿದ ಕೈ ಮಾತ್ರ ಹೆಂಡತಿಯದು.

ಸಿದ್ಧರಬೆಟ್ಟದ ಗಿಡಮೂಲಿಕೆ ಮೇಲೆ ನನ್ನ ಜಗಳ ಇಲ್ಲ. ಎದುರಿಗೆ ಕೂರಿಸಿ, ನಾಡಿ ಹಿಡಿದು, ಪಥ್ಯ ಹೇಳೋ ನಾಟಿ ವೈದ್ಯ ಬೇರೆ. ಕದ್ದು ತಿನ್ನಿಸು ಅನ್ನೋನು ಬೇರೆ.

ಕಾನೂನು ಇಲ್ವಾ? ಇದೆ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಔಷಧಿ ಬಗ್ಗೆ ಸುಳ್ಳು ಜಾಹೀರಾತು ಅಪರಾಧ. ಅದರ ಪ್ರಕಟಣೆಯಲ್ಲಿ ಪಾಲ್ಗೊಂಡರೂ ಅಪರಾಧವೇ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಈಗ ಇದೇ ಪೋಸ್ಟರ್ ಫೋನಿಗೂ ಬಂದಿದೆ. ತನ್ನನ್ನ ಯಾರು ಓದ್ತಾರೆ ಅಂತ ಗೋಡೆಗೆ ಗೊತ್ತಿರಲಿಲ್ಲ. ನಾವು ಕಟ್ಟೋ ಸಿಸ್ಟಮ್‌ಗೆ ಗೊತ್ತು. ಗಂಡನ ಕುಡಿತ ಬಿಡಿಸೋದು ಹೇಗೆ ಅಂತ ಮಧ್ಯರಾತ್ರಿ ಹುಡುಕಿದ ಹೆಣ್ಣುಮಗಳ ಮುಂದೆಯೇ ಜಾಹೀರಾತು ತಂದು ನಿಲ್ಲಿಸುತ್ತೆ. ಟಾರ್ಗೆಟಿಂಗ್ ಅಂತ ಚಂದದ ಹೆಸರಿಟ್ಟು ಅಪ್ರೈಸಲ್‌ನಲ್ಲಿ ಬರ್ಕೊಳ್ಳೋರು ನಾವೇ. ಮೋಸ ಹೋದ ಹಳ್ಳಿಯವರನ್ನ ನೋಡಿ ನಗೋ ಹಕ್ಕು ನಮಗೆಲ್ಲಿದೆ?

ಅಂಥ ಜಾಹೀರಾತು ಕಂಡರೆ ರಿಪೋರ್ಟ್ ಮಾಡಿ. ಅದನ್ನ ಓಡಿಸೋ ಕಂಪನಿಯಲ್ಲಿದ್ದರೆ ಮೀಟಿಂಗಲ್ಲಿ ಬಾಯಿ ಬಿಡಿ. ಊರಿನ ಅಕ್ಕಂದಿರಿಗೆ 14416 ನಂಬರ್ ಕೊಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಯಾರಿಗೂ ಗೊತ್ತಾಗದ ಹಾಗೆ ಏನನ್ನೂ ಬೆರೆಸಿ ಅನ್ನಲ್ಲ.