ಹಠವೂ ಹದವೂ

ಹಗರಿ ಹೊಳೆಯ ಮರಳನ್ನು ಹೊತ್ತು ತರುವ ಗಾಳಿಗೆ ಎದುರಾಗಿ ಬೊಮ್ಮನಹಾಳಿನ ಸೀಮೆಯಲ್ಲಿ ಸೈಕಲ್ ತುಳಿದವನಿಗೆ ಸಹನೆಯ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಅದೇ ಸಹನೆಯನ್ನು ಕ್ರೀಡೆಯಾಗಿ ಕೈಗೊಂಡವರೂ ಇದ್ದಾರೆ. ಬ್ರೆವೆಟ್ ಎಂಬ ದೂರದ ಸವಾರಿಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆಗಳ ಗಡುವು. ಗಡುವಿನೊಳಗೆ ಗುರಿ ಮುಟ್ಟಿದವರಲ್ಲಿ ಮೊದಲಿಗ, ಕಡೆಯವ ಎಂಬ ಭೇದವಿಲ್ಲ.

ಇಂತಹ ಸವಾರಿಗೆ ಸಿದ್ಧವಾಗುವ ಕಠಿಣ ವಾರದಲ್ಲಿ ದಿನವೂ ಮೈ ದಂಡಿಸುವುದೇ ಶೌರ್ಯವೆಂದು ತರುಣರು ನಂಬುತ್ತಾರೆ. ಇದು ಅರ್ಧಸತ್ಯ. ತುಳಿತದಲ್ಲಿ ಸವೆದ ಸ್ನಾಯು ಅನ್ನ, ನಿದ್ರೆ, ವಿಶ್ರಾಂತಿಗಳಲ್ಲಿ ಬಲಿಯುತ್ತದೆ. ಎರಡು ಕಠಿಣ ದಿನಗಳ ನಡುವಣ ಹಗುರ ದಿನವೂ ಸಾಧನೆಯ ಅಂಗವೇ. ದಣಿವನ್ನು ದಾಟಬಹುದು, ಕೀಲಿನ ನೋವಿಗೆ ಮಾತ್ರ ಕಿವಿಗೊಡಲೇಬೇಕು.

ವಿಜಯಪುರ, ಬಾಗಲಕೋಟೆ ಸೀಮೆಯ ಹಳ್ಳಿಗಳು ನಾಡಿಗೆ ಅನೇಕ ಸೈಕಲ್ ಪಟುಗಳನ್ನು ಕೊಟ್ಟಿವೆ. ಒಕ್ಕಲು ಮನೆತನದ ಮಕ್ಕಳಿಗೆ ಸೈಕಲ್ ಎಂದರೆ ಪದಕದ ಜೊತೆಗೆ ನೌಕರಿಯ ಆಸೆಯೂ ಹೌದು. ಅಂಥವರ ಮೊಣಕಾಲು ಕೆಟ್ಟರೆ ಕೆಡುವುದು ಒಂದು ಸ್ಪರ್ಧೆಯಷ್ಟೇ ಅಲ್ಲ. ದಡದಲ್ಲಿ ನಿಂತು ‘ಇನ್ನೂ ತುಳಿ’ ಎಂದು ಕೂಗುವವರು ಆ ನಷ್ಟವನ್ನು ತುಂಬಿಕೊಡಲಾರರು.

ಎರೆಹೊಲದ ಒಕ್ಕಲಿಗನು ಮಳೆ ನಿಂತ ಕೂಡಲೇ ಹಸಿ ಮಣ್ಣಿಗೆ ನೇಗಿಲಿಡುವುದಿಲ್ಲ, ಹದಕ್ಕಾಗಿ ಕಾಯುತ್ತಾನೆ. ಆ ಕಾಯುವಿಕೆಯನ್ನು ಯಾರೂ ಸೋಮಾರಿತನವೆನ್ನರು. ಪರೀಕ್ಷೆಯ ಹಿಂದಿನ ಒಂದೇ ರಾತ್ರಿಯಲ್ಲಿ ಪಂಪನನ್ನು ಮುಗಿಸಹೊರಟ ವಿದ್ಯಾರ್ಥಿಯೂ ಈ ಹದವನ್ನು ಅರಿಯಬೇಕು. ದಿನಕ್ಕೆ ನಾಲ್ಕು ಪದ್ಯ ಓದಿ, ನಡುವೆ ಒಂದು ದಿನ ಅವನ್ನು ಮನನಕ್ಕೆ ಬಿಟ್ಟವನು ಗಡುವಿನೊಳಗೆ ಊರು ಮುಟ್ಟುತ್ತಾನೆ.